ಈಶಾನ್ಯಕ್ಕೆ ಬೆಳೆದ ಬೀದಿ

ಮನೆ ಅಳೆಯಲು ಹೋಗುವ ದಿನ ತಿಂಡಿ ತಿಂದು ಹೊರಡಬೇಡಿ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನನ್ನ ಮೊದಲ ಉಪದೇಶ ಇದು. ಮಾರುವವರು ಪೆಸರಟ್ಟು ಎಂಬ ಹೆಸರುಕಾಳಿನ ದೋಸೆ ಹಾಕಿ ಕೊಡುತ್ತಾರೆ, ಕೊಳ್ಳುವವರು ಕಾಫಿ ಕುಡಿಸುತ್ತಾರೆ, ಏನು ನಡೆಯುತ್ತಿದೆ ಎಂದು ತಿಳಿಯುವ ಆಸೆಗೆ ಪಕ್ಕದ ಮನೆಯವರು ಹುಳಿಯನ್ನದ ತಟ್ಟೆ ಹಿಡಿದು ಬರುತ್ತಾರೆ. ಬೇಡ ಎಂಬುದನ್ನು ಆಂಧ್ರದಲ್ಲಿ ಯಾರೂ ಉತ್ತರ ಎಂದು ಎಣಿಸುವುದಿಲ್ಲ. ಹೊಟ್ಟೆ ಬಿರಿಯ ತಿಂದವಳು ಟೇಪು ಹಿಡಿದು ಬಗ್ಗುವುದು ಎಷ್ಟು ಕಷ್ಟ ಎಂದು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ನಾನು ತುಮಕೂರಿನವಳು. ಓದಿದ್ದು ಸಿವಿಲ್, ಸೇರಿದ್ದು ಬ್ಯಾಂಕು. ಬ್ಯಾಂಕಿನಲ್ಲಿ ಎಂಜಿನಿಯರಿಗೆ ಏನು ಕೆಲಸ, ನೋಟಿನ ಕಟ್ಟುಗಳಿಂದ ಗೋಡೆ ಕಟ್ಟುತ್ತೀಯಾ ಎಂದು ನಮ್ಮ ಚಿಕ್ಕಮ್ಮ ಕೇಳುತ್ತಿದ್ದರು. ಯಾರಾದರೂ ಮನೆ ಕೊಳ್ಳಲು ಸಾಲ ಕೇಳಿದಾಗ, ಕೊಡುವ ಮುಂಚೆ ಒಬ್ಬರು ಹೋಗಿ ನೋಡಬೇಕು: ಆ ಮನೆ ನಿಜವಾಗಿ ಇದೆಯೇ, ಪತ್ರದಲ್ಲಿ ಬರೆದ ಜಾಗದಲ್ಲೇ ಇದೆಯೇ, ಬರೆದಷ್ಟೇ ಇದೆಯೇ. ಆ ಒಬ್ಬರು ನಾನು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬ್ಯಾಂಕುಗಳು ಗೃಹಸಾಲ ಕೊಡಲು ಬಾಗಿಲು ತೆಗೆದು ಕೂತಿದ್ದವು. ನನ್ನನ್ನು ಮೊದಲು ವಿಜಯವಾಡಕ್ಕೆ, ಆಮೇಲೆ ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ನಡುವೆ ಬಡ್ತಿಗಳೂ ಬಂದವು, ಸಿಹಿ ಹಂಚಿದೆ, ಅದರಲ್ಲಿ ಬರೆಯುವಂಥದ್ದೇನೂ ಇಲ್ಲ.

ಬರೆಯಲು ಕೂತದ್ದು ನೀಲವ್ವನ ಮನೆಯ ವಿಷಯ. ನೀಲವ್ವ ಬಿಜಾಪುರದ ಕಡೆಯವಳು. ಗಂಡ ಬಸವರಾಜ ವಿಶಾಖಪಟ್ಟಣದ ಹತ್ತಿರ ದುವ್ವಾಡದಲ್ಲಿ ಔಷಧ ಕಾರ್ಖಾನೆಯೊಂದರ ಕೆಮಿಸ್ಟ್. ಆ ಊರಿನಲ್ಲಿ ಜೋಳದ ರೊಟ್ಟಿ ತಿನ್ನಬೇಕೆಂದರೆ ನೀಲವ್ವನೇ ಗತಿ. ಕರ್ನಾಟಕದಿಂದ ಬಂದ ಕಂಪ್ಯೂಟರ್ ಹುಡುಗರು, ಆಸ್ಪತ್ರೆಯ ನರ್ಸುಗಳು, ನಮ್ಮ ಬ್ಯಾಂಕಿನ ಗುಮಾಸ್ತರು ಎಲ್ಲರ ಮಧ್ಯಾಹ್ನದ ಡಬ್ಬಿಯೂ ಅವಳ ಒಲೆಯ ಮುಂದಿನಿಂದಲೇ ಹೊರಡುತ್ತಿತ್ತು. ಮುದ್ದೆಯ ಸೀಮೆಯವಳಾದ ನಾನೂ ಅವಳ ರೊಟ್ಟಿಗೆ, ಅದರ ಜೊತೆಯ ಶೇಂಗಾ ಚಟ್ನಿಗೆ ಮಾರುಹೋಗಿದ್ದೆ.

ಆದರೆ ರೊಟ್ಟಿ ಬಡಿಯುವುದು ಸದ್ದಿಲ್ಲದೆ ಆಗುವ ಕೆಲಸವಲ್ಲ. ಬೆಳಗಿನ ಧಪಧಪಕ್ಕೆ ಮೇಲಿನ ಮನೆಯವರು ಎದ್ದು ಕೂರುತ್ತಿದ್ದರು, ಓನರಿಗೆ ದೂರು ಹೇಳುತ್ತಿದ್ದರು, ಓನರು ಬಂದು ಮನೆ ಖಾಲಿ ಮಾಡಿ ಎನ್ನುತ್ತಿದ್ದ. ಹೀಗೆ ಅವಳು ಮನೆ ಬಿಟ್ಟು ಮನೆ ಹೊಕ್ಕು ಎಷ್ಟು ಬೀದಿ ಸುತ್ತಿದ್ದಳೋ. ಕೊನೆಗೆ ಸ್ವಂತ ಮನೆಯೇ ಕೊಳ್ಳುವುದು ಎಂದು ಗಂಡ ಹೆಂಡತಿ ತೀರ್ಮಾನಿಸಿ ನಮ್ಮ ಬ್ಯಾಂಕಿಗೆ ಅರ್ಜಿ ಹಾಕಿದರು. ಇದೂ ತಪ್ಪಿದರೆ ನೀಲವ್ವ ಮಗಳನ್ನು ಕರೆದುಕೊಂಡು ಬಿಜಾಪುರಕ್ಕೆ, ಬಸವರಾಜ ಕಾರ್ಖಾನೆಯ ಹುಡುಗರ ಜೊತೆ ರೂಮಿಗೆ ಎಂದು ಮಾತಾಗಿತ್ತು. ಆ ಮಾತು ಬಂದಾಗಲೆಲ್ಲ ಸದಾ ಬಾಯಿಬಡುಕಿಯಾದ ನೀಲವ್ವ ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದಳು.

ಆ ಮನೆಯನ್ನು ಹೇಗೆ ನೋಡಿದೆ ಎನ್ನುವ ಮೊದಲು, ಮನೆ ನೋಡುವುದನ್ನು ಎಲ್ಲಿ ಕಲಿತೆ ಎಂದು ಹೇಳಿಬಿಡುತ್ತೇನೆ. ಕಲಿತದ್ದು ವಿಜಯವಾಡದಲ್ಲಿ. ಅಲ್ಲಿನ ಬಿಸಿಲಿನಲ್ಲಿ ಉಕ್ಕಿನ ಟೇಪು ಹಿಡಿದರೆ ಕೈ ಚುರ್ ಎನ್ನುತ್ತಿತ್ತು, ಬಟ್ಟೆಯ ಟೇಪು ಹಿಡಿದರೆ ಎಳೆದಷ್ಟೂ ಉದ್ದವಾಗುತ್ತಿತ್ತು. ಎರಡರಲ್ಲಿ ಯಾವುದು ಎಂದು ಮೇಲಧಿಕಾರಿ ನರಸಿಂಹಂ ಗಾರು ಅವರನ್ನು ಕೇಳಿದೆ. ಅವರು ಕುರ್ಚಿ ಬಿಟ್ಟು ಎದ್ದವರಲ್ಲ, ಆದರೆ ಊರಿನ ಪ್ರತಿಯೊಂದು ಗೋಡೆಯ ಹಿನ್ನೆಲೆ ಬಲ್ಲವರು. ಟೇಪು ಯಾವುದಾದರೂ ಇರಲಿ, ಮೊದಲು ಪಕ್ಕದ ಮನೆಗೆ ಹೋಗಮ್ಮಾ ಎಂದರು. ಮಾರುವವನು ಬೆಲೆ ಹೇಳುತ್ತಾನೆ, ಪಕ್ಕದ ಮನೆಯವನು ನಿಜ ಹೇಳುತ್ತಾನೆ ಎಂಬುದು ಅವರ ಸಿದ್ಧಾಂತ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ಯಾರೂ ಹೇಳಿಕೊಡಲಿಲ್ಲ.

ಒಂದು ಸಲ ಅಲ್ಲಿನ ಹಳೇ ಪೇಟೆ ಒನ್ ಟೌನಿನಲ್ಲಿ ವ್ಯಾಪಾರಿಯೊಬ್ಬರ ಹಳೆಯ ಮನೆ ಅಳೆಯಬೇಕಾಯಿತು. ಮೇಲೆ ಸಂಸಾರ, ಕೆಳಗೆ ಒಣಮೆಣಸಿನಕಾಯಿಯ ಗೋದಾಮು. ನಾನು ಟೇಪು ನೋಡಿ ಅಂಕಿ ಹೇಳಬೇಕು, ನಮ್ಮ ಗುಮಾಸ್ತರು ಬರೆದುಕೊಳ್ಳಬೇಕು. ನಾನು ಹೇಳುವಾಗ ಅವರು ಸೀನಿದರು, ಅವರು ಬರೆಯುವಾಗ ನಾನು ಸೀನಿದೆ, ಇಬ್ಬರೂ ಸುಮ್ಮನಾದಾಗ ವ್ಯಾಪಾರಿ ಸೀನಿದರು. ಮೆಣಸಿನಕಾಯಿಯ ಮಧ್ಯೆಯೇ ಬದುಕಿದ ಅವರಿಗೇಕೆ ಸೀನು ಎಂದರೆ, ನಮ್ಮನ್ನು ನೋಡಿ ಬಂತಂತೆ. ಆಫೀಸಿಗೆ ಬಂದು ಕೂಡಿಸಿ ನೋಡಿದರೆ ಮನೆ ಬೀದಿಗಿಂತ ಉದ್ದವಾಗಿತ್ತು. ಮರುದಿನ ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಮತ್ತೆ ಹೋದೆವು. ಪಕ್ಕದ ಮನೆಗೂ ಇವರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಈ ಗೋಡೆ ಯಾರದು ಎಂದರೆ ಎರಡೂ ಕಡೆಯವರು ನಮ್ಮದು ಎಂದರು. ಇದಕ್ಕೆ ಸುಣ್ಣ ಹೊಡೆಸುವವರು ಯಾರು ಎಂದರೆ ಎರಡೂ ಕಡೆಯವರು ಅವರು ಎಂದರು.

ಇನ್ನೊಂದು ಸಲ ಊರ ಹೊರಗಿನ ಇಬ್ರಾಹಿಂಪಟ್ನಂ. ವಿದ್ಯುತ್ ಸ್ಥಾವರದ ಬೂದಿ ಕೂತು ಅಲ್ಲಿನ ಮನೆಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ಹೇಳಿದ ಗುರುತಿನ ಗೇಟು ತೆಗೆದು ಒಳಗೆ ಹೋದೆ. ರೇಷ್ಮೆ ಸೀರೆ ಉಟ್ಟ ಹೆಂಗಸರು ನಗುತ್ತ ಬರಮಾಡಿಕೊಂಡರು, ಎಲ್ಲ ಕೋಣೆ ತೋರಿಸಿದರು, ಬೂಂದಿ ಲಾಡು ತಿನ್ನಿಸಿದರು. ಅಡುಗೆಮನೆಯನ್ನು ಅಳೆಯುತ್ತೇನೆ ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೂ ಪಾತ್ರೆ ಸರಿಸಿ ಜಾಗ ಮಾಡಿದರು. ನಾನು ಉದ್ದ ಅಗಲ ಬರೆದುಕೊಂಡು ಹಜಾರಕ್ಕೆ ಬಂದರೆ ಅಲಂಕಾರ ಮಾಡಿದ ಹುಡುಗಿಯನ್ನು ತಂದು ಎದುರಿಗೆ ಕೂರಿಸಿದರು. ಅವರು ಕಾಯುತ್ತಿದ್ದದ್ದು ಗಂಡಿನ ಸೋದರತ್ತೆಗೆ. ನಾನು ನೋಡಬೇಕಾದ ಮನೆ ಆಚೆ ಬೀದಿಯಲ್ಲಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು, ನನಗೆ ಅವಳು ಬಹಳ ಹಿಡಿಸಿದಳು. ಅಂದಿನಿಂದ ಚೀಲ ಇಳಿಸುವ ಮುಂಚೆ ಮನೆಯ ನಂಬರು ಕೇಳುವುದನ್ನು ರೂಢಿ ಮಾಡಿಕೊಂಡೆ.

ವಿಶಾಖಪಟ್ಟಣಕ್ಕೆ ಬರುವ ಹೊತ್ತಿಗೆ ಟೇಪಿನ ಕಾಲ ಮುಗಿಯುತ್ತ ಬಂದಿತ್ತು. ಬ್ಯಾಂಕು ನನಗೊಂದು ಲೇಸರ್ ಯಂತ್ರ ಕೊಡಿಸಿತು. ಗುಂಡಿ ಒತ್ತಿದರೆ ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕೆ, ಕೈಯಲ್ಲಿ ಅಂಕಿ. ಮೊದಲ ದಿನವೇ ಒಂದು ಮನೆಯ ಬೆಕ್ಕು ಆ ಚುಕ್ಕೆಯ ಬೆನ್ನು ಹತ್ತಿತು. ನಾನು ಗೋಡೆಗೆ ಹಿಡಿದರೆ ಬೆಕ್ಕು ಗೋಡೆಗೆ ಹಾರುತ್ತಿತ್ತು, ಯಂತ್ರ ಬೆಕ್ಕಿನವರೆಗಿನ ದೂರವನ್ನು ನಿಷ್ಠೆಯಿಂದ ತೋರಿಸುತ್ತಿತ್ತು. ಕಡೆಗೆ ಮನೆಯೊಡೆಯ ಬೆಕ್ಕನ್ನು ಬಚ್ಚಲಿಗೆ ಕೂಡಿಹಾಕಿದ ಮೇಲೆ ಬಚ್ಚಲು ಅಳೆಯುವುದು ಬಾಕಿ ಉಳಿಯಿತು. ಯಂತ್ರ ಹೊಸದಾದರೂ ಟೇಪನ್ನು ಚೀಲದಿಂದ ತೆಗೆಯಬೇಡಿ, ಯಾವ ಬೆಕ್ಕೂ ಟೇಪಿನ ತಂಟೆಗೆ ಬರುವುದಿಲ್ಲ.

ಈಗ ನೀಲವ್ವನ ಮನೆಗೆ ಬನ್ನಿ. ದುವ್ವಾಡ ಸ್ಟೇಷನ್ನಿನಿಂದ ಒಳಕ್ಕೆ ಹೋದರೆ ಗುಡ್ಡದ ಬದಿಗೆ ಒಂದು ಬಡಾವಣೆ. ಒಂದೇ ಸಾಲಿನ ಮನೆಗಳು, ಮುಂದೆ ರಸ್ತೆ. ಸಾಲಿನ ಈ ತುದಿಯಲ್ಲಿ ನಿವೃತ್ತ ಹೆಡ್ಮಾಸ್ಟರ್ ಸತ್ಯನಾರಾಯಣ ಮಾಸ್ಟಾರ ಮನೆ. ಆ ತುದಿಯಲ್ಲಿ ಸನ್ಯಾಸಿರಾವ್ ಎಂಬವರ ಮನೆ, ಅದರಾಚೆ ಮಕ್ಕಳ ಪಾರ್ಕಿಗೆಂದು ಬಿಟ್ಟ ಖಾಲಿ ಜಾಗ. ಸನ್ಯಾಸಿರಾವ್ ಮಗಳ ಊರಿಗೆ ಹೋಗಿ ನೆಲೆಸಲು ಮನೆ ಮಾರುತ್ತಿದ್ದರು. ಒಂದೇ ಅಂತಸ್ತಿನ ಮನೆ, ಮೇಲೆ ಬಾಡಿಗೆಯವರಿಲ್ಲ, ಅಡುಗೆಮನೆಯ ಪಕ್ಕ ಖಾಲಿ ಜಾಗ. ನೀಲವ್ವ ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಅಂಗೈಯಿಂದ ಧಪಧಪ ಬಡಿದು ನೋಡಿ, ಇದೇ ಮನೆ ಎಂದಳಂತೆ.

ಅಷ್ಟಕ್ಕೆ ಬಿಟ್ಟಿದ್ದರೆ ಸರಿ. ಗೃಹಪ್ರವೇಶದ ಮುಹೂರ್ತವನ್ನೂ ಇಟ್ಟಾಗಿತ್ತು, ಕಾರ್ಡು ಹಂಚಿಯಾಗಿತ್ತು. ಇದ್ದ ಬಾಡಿಗೆ ಮನೆಗೆ ಬೇರೆಯವರು ಮುಂಗಡ ಕೊಟ್ಟಾಗಿತ್ತು. ನನ್ನ ಕೈಗೆ ಕಾರ್ಡು ಬಂದದ್ದು ನಾನು ಮನೆ ನೋಡುವುದಕ್ಕೆ ಮೊದಲು. ಮದುವೆಯ ಊಟ ಮುಗಿಸಿ ಹೆಣ್ಣು ಹುಡುಕುವ ಈ ಪದ್ಧತಿಯನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಳತೆಗೆ ಮುಂಚೆ ಯಾರಿಗೂ ಕಾರ್ಡು ಅಚ್ಚು ಹಾಕಿಸಲು ಬಿಡಬೇಡಿ.

ಸರ್ವೆಗೆ ಅಪ್ಪಲರಾಜು ಬಂದ. ಬ್ಯಾಂಕು ಗೊತ್ತು ಮಾಡಿದ್ದ ಸರ್ವೆಯರ್, ಮಾತಿಗಿಂತ ನಗು ಹೆಚ್ಚು. ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿ ಮಾಸ್ಟಾರ ಮನೆಯ ಮೂಲೆಯಲ್ಲಿದ್ದ ಬಡಾವಣೆಯ ಮೂಲ ಕಲ್ಲಿನಿಂದ ಅಳೆಯುತ್ತ ಹೊರಟ. ಒಂದೊಂದು ಮನೆ ದಾಟಿದಂತೆ ಅವನ ನಗು ಕಡಿಮೆಯಾಗುತ್ತ ಬಂತು. ಕೊನೆಯ ಮನೆಗೆ ಬಂದು, ಮೇಡಂ, ಈ ಮನೆಯ ಬೋರ್‌ವೆಲ್ ಪಾರ್ಕಿನಲ್ಲಿದೆ ಎಂದ. ಬೋರ್‌ವೆಲ್ ಇದ್ದದ್ದು ಸನ್ಯಾಸಿರಾವ್ ಅವರ ಕಾಂಪೌಂಡಿನ ಒಳಗೆ, ಮುಂದಿನ ಮೂಲೆಯಲ್ಲಿ. ಆದರೆ ಬಡಾವಣೆಯ ನಕ್ಷೆಯ ಪ್ರಕಾರ ಆ ಮೂಲೆ ಪಾರ್ಕಿಗೆ ಸೇರಿದ್ದು.

ನರಸಿಂಹಂ ಗಾರು ಹೇಳಿದಂತೆ ಪಕ್ಕದ ಮನೆಗೆ ಹೋದೆ. ಪಕ್ಕದ ಮನೆಯ ಪಾರ್ವತಮ್ಮ ಹುಳಿಯನ್ನ ಬಡಿಸಿ ಎಲ್ಲ ಹೇಳಿದರು. ವಾಸ್ತು ಪ್ರಕಾರ ನಿವೇಶನದ ಈಶಾನ್ಯ ಮೂಲೆ ಸ್ವಲ್ಪ ಬೆಳೆದಿದ್ದರೆ ಮನೆ ಏಳಿಗೆಯಾಗುತ್ತದೆ ಎಂದು ನಂಬಿಕೆ. ಯಾವುದೋ ವಾಸ್ತು ಪುಸ್ತಕ ಓದಿದ ಮಾಸ್ಟಾರು, ಪಂಡಿತರಿಗೇಕೆ ದಕ್ಷಿಣೆ ಎಂದು ತಾವೇ ದಿಕ್ಕು ಲೆಕ್ಕ ಹಾಕಿ ಕಾಂಪೌಂಡಿನ ಮುಂದಿನ ಮೂಲೆಯನ್ನು ಪಕ್ಕದವರ ಕಡೆಗೆ ಒಂದಿಷ್ಟು ಸರಿಸಿದರು. ಅದೇ ಸಮಯಕ್ಕೆ ಅವರ ಮಗನಿಗೆ ಉದ್ಯೋಗವಾಯಿತು. ಪಕ್ಕದವರು ಜಗಳವಾಡಲಿಲ್ಲ. ಅವರೂ ತಮ್ಮ ಗೋಡೆಯನ್ನು ಮುಂದಿನವರ ಕಡೆಗೆ ಸರಿಸಿದರು, ಹೋದದ್ದೂ ಬರಲಿ, ಏಳಿಗೆಯೂ ಬರಲಿ ಎಂದು ಇನ್ನೊಂದು ಸ್ವಲ್ಪ ಹೆಚ್ಚು. ಹೀಗೆ ಮನೆಯಿಂದ ಮನೆಗೆ ಬೆಳೆಯುತ್ತ ಬಂದ ಈಶಾನ್ಯ ಕೊನೆಗೆ ಸನ್ಯಾಸಿರಾವ್ ಅವರ ಪಾಲಿಗೆ ಬಂದಾಗ ಮುಂದೆ ತಳ್ಳಲು ಪಾರ್ಕು ಬಿಟ್ಟು ಯಾರೂ ಇರಲಿಲ್ಲ. ಬ್ರೇಕು ಹಾಕಿದ ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ ಇಡೀ ಬೀದಿಯ ಕಾಂಪೌಂಡುಗಳು ಒಂದೇ ಕಡೆ ವಾಲಿದ್ದವು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುವಂತೆ ಎಲ್ಲರೂ ಪಕ್ಕದವರ ಜೊತೆ ಚೆನ್ನಾಗಿಯೇ ಇದ್ದರು.

ಪತ್ರಗಳೆಲ್ಲ ಸರಿ, ಗೋಡೆಗಳೆಲ್ಲ ತಪ್ಪು. ಪಾರ್ಕಿನ ಜಾಗ ಒತ್ತಿದ ಮನೆಗೆ ಸಾಲ ಕೊಡಿ ಎಂದು ನಾನು ಬರೆಯುವಂತಿಲ್ಲ. ನಾಳೆ ಯಾರಾದರೂ ಅಧಿಕಾರಿ ಬಂದು ಆ ಮೂಲೆ ಒಡೆಸಿದರೆ ನೀಲವ್ವನಿಗೆ ಆ ಕಡೆಯ ಜಾಗವೂ ಇಲ್ಲ, ಈ ಕಡೆ ಪಾರ್ವತಮ್ಮನ ಕಾಂಪೌಂಡಿನೊಳಗೆ ಸಿಕ್ಕಿಕೊಂಡ ಅವಳ ಸ್ವಂತ ಜಾಗವೂ ಇಲ್ಲ. ರೊಟ್ಟಿಯ ಡಬ್ಬಿ ಹಿಡಿದು ಗೇಟಿನಲ್ಲಿ ಕಾಯುತ್ತಿದ್ದ ಅವಳಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಆಂಧ್ರದಲ್ಲಿ ಇದ್ದೂ ಇದ್ದೂ ಅವಳ ಮಾತಿಗೆ ತೆಲುಗಿನ ಮರ್ಯಾದೆಯ 'ಅಂಡಿ' ಅಂಟಿಕೊಂಡಿತ್ತು, ನನ್ನ ಜೊತೆ ಕನ್ನಡ ಆಡುವಾಗಲೂ ಬಿಡುತ್ತಿರಲಿಲ್ಲ.

"ಅಂದ್ರ ಮನಿ ಸಿಗಾಂಗಿಲ್ಲೇನ್ರಿ ಅಂಡಿ?" ಎಂದಳು.

"ಮನೆ ಚೆನ್ನಾಗೇ ಇದೆ ನೀಲವ್ವ. ಗೋಡೆ ಸರಿಹೋಗ್ದೆ ನಾನು ಸಹಿ ಹಾಕಕ್ಕಾಗಲ್ಲ," ಎಂದೆ.

"ನೀವು ಸಹಿ ಹಾಕಬ್ಯಾಡ್ರಿ ಅಕ್ಕಾರ. ಸುಳ್ಳು ಬರದು ಕೊಡಿಸಿದ್ ಮನ್ಯಾಗ ನಾ ಹೆಂಗ ಹೊಕ್ಕು ಕುಂದರ್ಲಿ?" ಎಂದು ಡಬ್ಬಿಯನ್ನು ನನ್ನ ಕೈಗಿಟ್ಟು ಹೊರಟುಹೋದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಂದು ಸಂಜೆ ಮಾಸ್ಟಾರ ಜಗಲಿಯಲ್ಲಿ ಬೀದಿಯವರನ್ನೆಲ್ಲ ಸೇರಿಸಿದೆ. ಎಲ್ಲರೂ ತಮ್ಮ ಗೋಡೆಯನ್ನು ಮೂಲ ಜಾಗಕ್ಕೆ ಹಿಂದೆ ತಂದರೆ ಯಾರ ಪತ್ರದ ಜಾಗಕ್ಕೂ ನಷ್ಟವಿಲ್ಲ, ಮಾಸ್ಟಾರ ನಂತರದ ಒಬ್ಬೊಬ್ಬರೂ ಒಂದು ಕಡೆ ಬಿಟ್ಟದ್ದನ್ನು ಇನ್ನೊಂದು ಕಡೆ ಪಡೆಯುತ್ತೀರಿ ಎಂದು ನಕ್ಷೆ ಹರಡಿ ತೋರಿಸಿದೆ. ಲೆಕ್ಕ ಎಲ್ಲರಿಗೂ ಅರ್ಥವಾಯಿತು, ಒಪ್ಪಿಗೆ ಒಬ್ಬರಿಗೂ ಇರಲಿಲ್ಲ. ಗೋಡೆ ಸರಿಸಿದ ಮೇಲೆ ಒಬ್ಬರ ಮಗಳಿಗೆ ಅವಳಿ ಮಕ್ಕಳಾಗಿದ್ದವು. ಇನ್ನೊಬ್ಬರ ಬಹುಕಾಲದ ಕೆಮ್ಮು ನಿಂತಿತ್ತು. ಪಾರ್ವತಮ್ಮನ ಗಂಡ ಸಿಗರೇಟು ಬಿಟ್ಟಿದ್ದರು, ಅಥವಾ ಆಕೆಗೆ ಹಾಗೆಂದು ಹೇಳಿದ್ದರು. ಮಾಸ್ಟಾರು ಮಾತ್ರ ಧ್ವನಿ ಏರಿಸದೆ ಒಂದೇ ಮಾತು ಹೇಳಿದರು: "ಮೇಡಂ, ನೀವು ಕೇಳುತ್ತಿರುವುದು ಗೋಡೆಯನ್ನಲ್ಲ, ನನ್ನ ಮಗನ ಉದ್ಯೋಗವನ್ನು." ನಾನು ನಕ್ಷೆ ಸುತ್ತಿಕೊಂಡು ಎದ್ದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಗೋಡೆ ಸರಿಸಿ ನೋಡು ಎಂದೂ ಸೇರಿಸಬೇಕಿತ್ತು.

ಮರುದಿನ ಬೆಳಿಗ್ಗೆ ಸಾಲ ಕೊಡಲಾಗದು ಎಂದು ಬರೆಯಲು ಬೇಕಾದ ನಕ್ಷೆ ಮುಗಿಸೋಣವೆಂದು ನಾನೂ ಅಪ್ಪಲರಾಜೂ ಮತ್ತೆ ಹೋದೆವು. ಉಳಿದಿದ್ದದ್ದು ಒಂದೇ ಕೆಲಸ, ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕು ತೋರಿಸುವ ಬಾಣ ಹಾಕುವುದು. ಬಡಾವಣೆಯ ಹಳೆಯ ನಕ್ಷೆಯಲ್ಲಿ ಬಾಣ ಇರಬೇಕಾದ ಕಡೆ ಜೆರಾಕ್ಸಿನ ಕಪ್ಪು ಮಸಿ ಮಾತ್ರ ಇತ್ತು. ಅಪ್ಪಲರಾಜು ದಿಕ್ಸೂಚಿ ತೆಗೆದು ಪಾರ್ಕಿನ ನಡುವೆ ಹಿಡಿದ, ನೋಡಿದ, ಅಲ್ಲಾಡಿಸಿದ. ಇದು ಕೆಟ್ಟುಹೋಗಿದೆ ಮೇಡಂ ಎಂದ. ಕರೆಂಟಿನ ಕಂಬದಿಂದ ದೂರ ಹೋಗಿ ನೋಡಿದ, ಸ್ಕೂಟರಿನಿಂದ ದೂರ ಹೋಗಿ ನೋಡಿದ, ಕೈಯ ಉಕ್ಕಿನ ಕಡಗ ತೆಗೆದಿಟ್ಟು ನೋಡಿದ. ಮುಳ್ಳು ಹಟ ಹಿಡಿದು ಅದೇ ಕಡೆ ನಿಂತಿತ್ತು. ಬೀದಿಯವರೆಲ್ಲ ಉತ್ತರ ಎನ್ನುತ್ತಿದ್ದದ್ದು ಮುಂದಿನ ರಸ್ತೆಯ ಕಡೆಯನ್ನು. ಮುಳ್ಳು ಅದನ್ನು ಬಿಟ್ಟು ಓರೆಯಾಗಿ ಮಾಸ್ಟಾರ ಮನೆಯ ದಿಕ್ಕಿಗೆ ತಿರುಗಿತ್ತು.

ಗೇಟಿನಲ್ಲಿ ಹಲ್ಲುಜ್ಜುತ್ತಿದ್ದ ಸನ್ಯಾಸಿರಾವ್ ಅವರನ್ನು ಪೂರ್ವ ಯಾವ ಕಡೆ ಎಂದು ಕೇಳಿದೆ. ಅವರು ಬ್ರಷ್ಷಿನಿಂದಲೇ ಪಾರ್ಕಿನತ್ತ ತೋರಿಸಿದರು. ಹೇಗೆ ಗೊತ್ತು ಎಂದರೆ, ಸಮುದ್ರ ಆ ಕಡೆ, ಗಾಳಿ ಆ ಕಡೆಯಿಂದ ಬರುತ್ತದೆ, ಪೂರ್ವ ಕರಾವಳಿಯಲ್ಲಿ ಸಮುದ್ರ ಇದ್ದ ಕಡೆಯೇ ಪೂರ್ವ, ಇದರಲ್ಲಿ ಕೇಳುವುದೇನಿದೆ ಎಂದರು.

ನಾನು ಮೋರಿಯ ಕಟ್ಟೆಯ ಮೇಲೆ ಕೂತು ನಗಲು ಶುರು ಮಾಡಿದೆ. ಆ ಊರಿನ ಕರಾವಳಿ ನೇರವಾಗಿಲ್ಲ, ಓರೆಯಾಗಿದೆ. ಸಮುದ್ರ ಇರುವುದು ಪೂರ್ವಕ್ಕಲ್ಲ, ಆಗ್ನೇಯಕ್ಕೆ. ಸೂರ್ಯನಾದರೂ ತಿದ್ದಬಹುದಿತ್ತು, ಆದರೆ ಆ ಬೀದಿಗೆ ಅವನು ಗುಡ್ಡ ಹತ್ತಿ ಬರುವಷ್ಟರಲ್ಲಿ ಆಫೀಸಿನ ಹೊತ್ತಾಗಿರುತ್ತಿತ್ತು. ಎಲ್ಲಿಂದ ಬಂದ ಎಂದು ಯಾರೂ ನೋಡುತ್ತಿರಲಿಲ್ಲ. ಮಾಸ್ಟಾರು ಸಮುದ್ರದ ಗಾಳಿಯನ್ನು ನಂಬಿ ಪೂರ್ವ ಗುರುತಿಸಿದ್ದರು. ಉಳಿದವರು ಮಾಸ್ಟಾರನ್ನು ನಂಬಿದ್ದರು. ಹೀಗಾಗಿ ವರ್ಷಗಳಿಂದ ಅವರೆಲ್ಲ ಬೆಳೆಸುತ್ತ ಬಂದ ಈಶಾನ್ಯ ಮೂಲೆ ಈಶಾನ್ಯವೇ ಆಗಿರಲಿಲ್ಲ. ನಿಜವಾದ ಪೂರ್ವವನ್ನೂ ದಾಟಿ ಆಗ್ನೇಯದ ಕಡೆಗೆ ವಾಲಿತ್ತು. ವಾಸ್ತು ನಂಬುವವರ ಪಾಲಿಗೆ ಈಶಾನ್ಯ ಬೆಳೆದರೆ ಎಷ್ಟು ಒಳ್ಳೆಯದೋ ಆಗ್ನೇಯ ಬೆಳೆದರೆ ಅಷ್ಟೇ ಕೆಟ್ಟದ್ದು. ಅಗ್ನಿಯ ಮೂಲೆ, ಮನೆಯಲ್ಲಿ ಜಗಳ, ಕಾಯಿಲೆ, ಬೆಂಕಿ. ನಾನು ವಾಸ್ತು ನಂಬುವವಳಲ್ಲ, ಆದರೆ ದಿಕ್ಸೂಚಿ ನಂಬುತ್ತೇನೆ. ಕಂಡದ್ದನ್ನು ಕಂಡ ಹಾಗೆ ಮಾಸ್ಟಾರಿಗೆ ಹೇಳಿದೆ.

ಅವರು ನನ್ನನ್ನು ನಂಬಲಿಲ್ಲ, ಅಪ್ಪಲರಾಜುವಿನ ದಿಕ್ಸೂಚಿಯನ್ನಂತೂ ನಂಬಲೇ ಇಲ್ಲ. ಅಟ್ಟದಿಂದ ತಮ್ಮ ಶಾಲೆಯ ಕಾಲದ ಹಿತ್ತಾಳೆಯ ದಿಕ್ಸೂಚಿ ಇಳಿಸಿದರು. ಜಗಲಿಯಲ್ಲಿ ಇಟ್ಟು ನೋಡಿದರು, ಹಿತ್ತಲಿನಲ್ಲಿ ಇಟ್ಟು ನೋಡಿದರು, ತುಳಸಿಕಟ್ಟೆಯ ಮೇಲೆ ಇಟ್ಟು ಕೈ ಮುಗಿದು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು, "ಆಗ್ನೇಯಂ" ಎಂದರು, ಡಾಕ್ಟರು ರೋಗದ ಹೆಸರು ಹೇಳುವ ಹಾಗೆ. ಕಾಲು ನೀವಿಕೊಳ್ಳುತ್ತ, ಈ ಗೋಡೆ ಸರಿಸಿದ ಮೇಲೆಯೇ ನನ್ನ ಮೊಣಕಾಲು ನೋವು ಶುರುವಾದದ್ದು ಎಂದರು.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಒಬ್ಬಳೇ ಕೂತಿರುವಾಗ ನಗು ಬರುತ್ತದೆ. ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ನನಗಿಂತ ಮುಂಚೆ ತಲುಪಿತ್ತು. ಹಿಂದಿನ ಸಂಜೆ ಅದೇ ಗೋಡೆಗಳಿಂದ ಬಂದ ಭಾಗ್ಯಗಳನ್ನು ಹೇಳಿದವರು ಈಗ ಅದೇ ಗೋಡೆಗಳಿಂದ ಬಂದ ಕಷ್ಟಗಳನ್ನು ನೆನಪು ಮಾಡಿಕೊಳ್ಳುತ್ತಿದ್ದರು. ಮೋಟಾರು ಸುಟ್ಟದ್ದು ಏಕೆ ಎಂದು ಒಬ್ಬರಿಗೆ ಹೊಳೆಯಿತು. ಅವಳಿ ಮಕ್ಕಳ ಅಜ್ಜಿಗೆ ಆ ಮಕ್ಕಳು ಹಗಲಿರುಳು ಅಳುವುದು ಏಕೆಂದು ತಿಳಿಯಿತು. ಪಾರ್ವತಮ್ಮ ಗಂಡನ ಅಂಗಿಯ ಜೇಬು ತಡಕಿ ನೋಡಿ, ಸಿಗರೇಟು ಬಿಟ್ಟಿರಲೇ ಇಲ್ಲ ಎಂದು ಕಂಡುಕೊಂಡರು. ಅತ್ತೆ ಬಂದು ಉಳಿದವರು, ಕೆಲಸದವಳು ಬಿಟ್ಟುಹೋದವರು, ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತು. ಮುಂದಿನ ಅಮಾವಾಸ್ಯೆಯ ಒಳಗೆ ಗೋಡೆ ಹಿಂದೆ ಬರಬೇಕು ಎಂದು ಮಾಸ್ಟಾರೇ ಹೇಳಿದರು.

ಹೇಳಿ ಸುಮ್ಮನಿರಲಿಲ್ಲ. ಮೊಣಕಾಲು ನೋವಿನ ಮನುಷ್ಯ ಪಂಚೆ ಎತ್ತಿ ಕಟ್ಟಿ ಹಾರೆ ಹಿಡಿದು ತಮ್ಮ ಗೋಡೆಗೆ ಮೊದಲ ಪೆಟ್ಟು ಹಾಕಿದರು. ಇಡೀ ಬೀದಿಗೆ ಇದ್ದದ್ದು ಒಬ್ಬನೇ ಗಾರೆಯವನು, ಅವನನ್ನು ತಮ್ಮ ಮನೆಗೆ ಮೊದಲು ಬರುವಂತೆ ಒಲಿಸಲು ಎಲ್ಲರೂ ಅವನಿಗೆ ಊಟ ಹಾಕಿದರು. ಊಟ ಮಾಡಿ ಮಾಡಿ ಅವನು ಮಧ್ಯಾಹ್ನವೆಲ್ಲ ಬೇವಿನ ಮರದ ಕೆಳಗೆ ಮಲಗಿದ. ಕಾಯಲಾರದೆ ನಿವೃತ್ತರು, ಗೃಹಿಣಿಯರು, ರಜೆ ಹಾಕಿದ ಗುಮಾಸ್ತರು ತಾವೇ ಇಟ್ಟಿಗೆ ಕಿತ್ತರು. ಅಪ್ಪಲರಾಜು ದಾರ ಕಟ್ಟಿ ಗೆರೆ ಹಾಕಿಕೊಟ್ಟ. ಅವನ ಗೆರೆಗಾಗಿ ಜನ ಕೈ ಹಿಡಿದು ಎಳೆದಾಡುವುದನ್ನು ನೋಡಿ ಅವನ ನಗು ಮರಳಿ ಬಂತು. ನಾನು ಅಷ್ಟು ಉತ್ಸಾಹದಿಂದ ಒತ್ತುವರಿ ಬಿಟ್ಟುಕೊಟ್ಟ ಜನರನ್ನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಬ್ಯಾಂಕಿನಲ್ಲಿ ನಮ್ಮ ಮುಖ್ಯ ವ್ಯವಸ್ಥಾಪಕರಿಗೆ ನಡೆದದ್ದೆಲ್ಲ ವರದಿ ಮಾಡಿದೆ. ಅವರು ಕಣ್ಣರಳಿಸಿ ಕೇಳಿದರು. ಆಮೇಲೆ ಆ ದಿಕ್ಸೂಚಿ ಒಂದು ಗಂಟೆಯ ಮಟ್ಟಿಗೆ ಸಿಗುತ್ತದೆಯೇ ಎಂದು ಕೇಳಿ, ತೆಗೆದುಕೊಂಡು ಮನೆಗೆ ಹೋದರು. ಅಂದು ಮತ್ತೆ ಆಫೀಸಿಗೆ ಬರಲಿಲ್ಲ.

ಮರು ಅಳತೆಯಲ್ಲಿ ಪತ್ರಕ್ಕೂ ನೆಲಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಬೋರ್‌ವೆಲ್ ಪಾರ್ಕಿಗೆ ಉಳಿಯಿತು. ಸನ್ಯಾಸಿರಾವ್ ಅದರ ಕಡೆ ನೋಡಿ ನಿಟ್ಟುಸಿರು ಬಿಟ್ಟರು, ಆಮೇಲೆ ಮಕ್ಕಳು ಕುಡಿಯಲಿ ಎಂದು ತಾವೇ ಒಂದು ಕೈಪಂಪು ಹಾಕಿಸಿಕೊಟ್ಟರು. ಈ ಕಡೆ ಪಾರ್ವತಮ್ಮನ ಕರಿಬೇವಿನ ಗಿಡ ನೀಲವ್ವನ ಪಾಲಿಗೆ ಬಂತು. ಎಲೆ ನಾನು ಕಿತ್ತುಕೊಳ್ಳುತ್ತಿರುತ್ತೇನೆ ಎಂದು ಆಕೆ ಮೊದಲೇ ಮಾತು ತೆಗೆದುಕೊಂಡರು. ಬೆಳಗಿನ ರೊಟ್ಟಿಯ ಸದ್ದಿನ ವಿಷಯವನ್ನು ಬಸವರಾಜನೇ ಅಂಜುತ್ತ ಎತ್ತಿದ. ಮಾಸ್ಟಾರು, ಅಗ್ನಿಮೂಲೆ ಕಳೆದ ಬೀದಿಯಲ್ಲಿ ರೊಟ್ಟಿಯ ಸದ್ದಿಗೆ ಹೆದರುವವರು ಯಾರಿದ್ದಾರೆ ಎಂದುಬಿಟ್ಟರು. ನಾನು ಸಹಿ ಹಾಕಿದೆ. ಅಷ್ಟು ದೊಡ್ಡದಾಗಿ, ಅಷ್ಟು ಸೊಕ್ಕಿನಿಂದ ನಾನು ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ.

ಇಟ್ಟ ಮುಹೂರ್ತಕ್ಕೇ ಗೃಹಪ್ರವೇಶವಾಯಿತು. ಹಸು ಒಳಗೆ ಬಂತು, ಹಾಲು ಉಕ್ಕಿತು, ರೊಟ್ಟಿ ತಿನ್ನುವ ಹುಡುಗರೆಲ್ಲ ಬಂದು ಬೀದಿ ತುಂಬಿದರು. ಪೂಜೆಯ ನಡುವೆ ನೋಡಿದರೆ ಮನೆಯೊಡತಿಯೇ ಇಲ್ಲ. ಅಡುಗೆಮನೆಯಲ್ಲಿಲ್ಲ, ಕೋಣೆಯಲ್ಲಿಲ್ಲ. ಹುಡುಕುತ್ತ ಹೋದ ನನಗೆ ಮನೆಯ ಪಕ್ಕದಲ್ಲಿ, ಹೊಸದಾಗಿ ಅವಳ ಪಾಲಿಗೆ ಬಂದ ಆ ಕಿರಿದಾದ ಜಾಗದಲ್ಲಿ ಸಿಕ್ಕಳು. ಇಳಕಲ್ ಸೀರೆ ಉಟ್ಟು, ಮಣ್ಣಿನ ಮೇಲೆ ಕಾಲು ಚಾಚಿ, ಇನ್ನೂ ಹಸಿ ಇದ್ದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಬೆನ್ನಿನ ಸೆರಗಿಗೆಲ್ಲ ಸಿಮೆಂಟು. ಮುಖ ನೋಡಿದರೆ ಅತ್ತಿದ್ದಳೋ ನಕ್ಕಿದ್ದಳೋ ಗೊತ್ತಾಗುವಂತಿರಲಿಲ್ಲ.

"ಅಕ್ಕಾರ, ಈ ಕಲ್ಲಿನಿಂದ ಆ ಕಲ್ಲಿನ ತನಾ ನಂದ ಏನ್ರಿ?"

"ನಿಂದೇ ಕಣೇ."

"ಇಲ್ಲಿ ಕುಂತ್ರ ಯಾರೂ ಏಳು ಅನ್ನಂಗಿಲ್ಲಲ್ರಿ?"

"ಬ್ಯಾಂಕು ಬಿಟ್ರೆ ಯಾರೂ ಇಲ್ಲ. ಕಂತು ಕಟ್ಟುತ್ತಿದ್ರೆ ಬ್ಯಾಂಕೂ ಇಲ್ಲ."

ನನ್ನ ವೃತ್ತಿಯಲ್ಲಿ ಉದ್ದ ಅಗಲ ಎಷ್ಟೋ ಬರೆದಿದ್ದೆ, ಅದು ಒಬ್ಬರ ಬೆನ್ನಿಗೆ ಹೇಗೆ ಆನಿಕೊಳ್ಳುತ್ತದೆ ಎಂದು ನೋಡಿರಲಿಲ್ಲ. ರೇಷ್ಮೆ ಸೀರೆ ಹಾಳಾಗುತ್ತದೆ ಎಂದು ಗೊತ್ತಿದ್ದೂ ನಾನೂ ಅವಳ ಪಕ್ಕ ಮಣ್ಣಿನಲ್ಲಿ ಕೂತೆ. ಒಳಗಿನಿಂದ ಪುರೋಹಿತರು ಕರೆದರು. ಬಸವರಾಜ ಕರೆದ, ಮಗಳು ತೆಲುಗಿನಲ್ಲಿ ಕರೆದಳು, ಕೊನೆಗೆ ಮಾಸ್ಟಾರೇ ಬಂದು ಆರತಿಗೆ ಹೊತ್ತಾಯಿತು ಏಳಮ್ಮಾ ಎಂದರು.

"ತಡೀರಿ ಅಂಡಿ," ಎಂದಳು ನೀಲವ್ವ, ಏಳಲಿಲ್ಲ.